ಕಾರಿನ ಬಾಲದಲ್ಲಿ ಕಾಡಿಗೆ

ಲಾಟೀನಿನ ಬತ್ತಿಯನ್ನು ಅತಿಯಾಗಿ ಏರಿಸಿದರೆ ಏನಾಗುತ್ತದೆ? ಬೆಳಕು ಹೆಚ್ಚುವ ಬದಲು ಗಾಜಿಗೆ ಮಸಿ ಹಿಡಿಯುತ್ತದೆ. ಎಣ್ಣೆ ಜಾಸ್ತಿಯಾಯಿತು, ಗಾಳಿ ಸಾಲಲಿಲ್ಲ. ಪೆಟ್ರೋಲ್ ಕಾರಿನ ಸೈಲೆನ್ಸರ್ ಕರಿಹೊಗೆ ಉಗುಳುವುದೂ ಇದೇ ಕಾರಣಕ್ಕೆ.

1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ 1 ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9000 ಲೀಟರ್ ಗಾಳಿ! ಪೆಟ್ರೋಲ್ ಈ ಲೆಕ್ಕ ಮೀರಿದರೆ ಇಂಗಾಲದ ಸ್ವಲ್ಪ ಭಾಗ ಮಸಿಯಾಗುತ್ತದೆ. ಇನ್ನಷ್ಟು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಮಸಿ ಕಣ್ಣಿಗೆ ಕಾಣುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸುವ ಸಾಹಸ ಬೇಡವೇ ಬೇಡ.

ಎಂಜಿನ್ ಆರಿಸಿ, ಕೊಳವೆ ತಣ್ಣಗಾದ ಮೇಲೆ ಹಳೇ ಬಟ್ಟೆಯಿಂದ ಅದರ ಒಳಬದಿ ಒರೆಸಿ ನೋಡಿ. ಒಣ ಪುಡಿಯಾದರೆ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿರಬಹುದು. ಅದರ ಹೊಗೆ ನೀಲಿ, ರಿಪೇರಿಯೂ ದುಬಾರಿ. ನಂತರ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಸಿ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಆರೋಗ್ಯ. ಒಂದು ಮಾತ್ರ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿರಬಹುದು, ಇಲ್ಲವೇ ಕಿಡಿ ಸೊರಗಿರಬಹುದು. ಎಲ್ಲವೂ ಕಪ್ಪಾದರೆ ದೋಷ ಮೂಲದಲ್ಲಿದೆ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಅಂಟಿಕೊಂಡ ಚೋಕ್, ಧೂಳು ಕಟ್ಟಿದ ಏರ್ ಫಿಲ್ಟರ್ ನೋಡಿದರೆ ಬಹುಪಾಲು ಪತ್ತೆ ಮುಗಿಯುತ್ತಿತ್ತು. ಈಗ ಪೆಟ್ರೋಲ್ ಅಳೆದು ಕೊಡುವುದು ಕಂಪ್ಯೂಟರ್. ಶೀತಕದ ಉಷ್ಣತೆ ಅಳೆಯುವ ಸೆನ್ಸರ್ ಕೆಟ್ಟು, ಕಾದ ಎಂಜಿನ್ನನ್ನು ‘ಇನ್ನೂ ತಣ್ಣಗಿದೆ’ ಎಂದು ವರದಿ ಮಾಡಿದರೆ ಕಂಪ್ಯೂಟರ್ ನಂಬಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹತ್ತಾರು ಕಿಲೋಮೀಟರ್ ಓಡಿಬಂದ ಕಾರಿನ ಉಷ್ಣತೆ ಸ್ಕ್ಯಾನರಿನಲ್ಲಿ 80–90 ಡಿಗ್ರಿಯ ಬದಲು 20 ಎಂದು ಕಂಡರೆ ಕಳ್ಳ ಸಿಕ್ಕಿದಂತೆಯೇ. ಆದರೆ ಕೆಲವು ಗ್ಯಾರೇಜುಗಳಲ್ಲಿ ಮೊದಲು ಬದಲಾಗುವುದು ಆಕ್ಸಿಜನ್ ಸೆನ್ಸರ್. ಪಾಪ, ‘ಪೆಟ್ರೋಲ್ ಜಾಸ್ತಿ’ ಎಂದು ನಿಜ ಹೇಳಿದ್ದೇ ಅದರ ತಪ್ಪು!

ದಿನಗಳೆದಂತೆ ಈ ಹೆಚ್ಚುವರಿ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಅದರ ಜೇನುಗೂಡಿನಂಥ ಒಳಭಾಗವನ್ನೇ ಕರಗಿಸಬಲ್ಲದು. ಸೆನ್ಸರಿಗಿಂತ ಅದರ ಬೆಲೆ ಎಷ್ಟೋ ಪಟ್ಟು ಹೆಚ್ಚು.

ಸಿಲಿಂಡರಿನೊಳಕ್ಕೇ ಪೆಟ್ರೋಲ್ ಚಿಮ್ಮಿಸುವ ಹೊಸ ಎಂಜಿನ್‌ಗಳಲ್ಲಿ ತೆಳುವಾದ ಮಸಿ ಸಹಜವೇ. ಹೊಗೆ ಕಾಣದೆ, ಮೈಲೇಜ್ ಇಳಿಯದೆ ಇದ್ದರೆ ಗಾಬರಿ ಬೇಡ. ರಿಪೇರಿಯಾದ ಮೇಲೆ ಕೊಳವೆಯನ್ನು ಒರೆಸಿಬಿಟ್ಟು, ಒಂದು ವಾರ ಓಡಿಸಿ, ಮತ್ತೆ ಬಟ್ಟೆ ಆಡಿಸಿ ನೋಡಿ.