ಚಿತ್ರದ ಲಯ, ಯಂತ್ರದ ಲಯ

ಕಳೆದ ತಿಂಗಳು ಚನ್ನರಾಯಪಟ್ಟಣದ ಬಂಧುಗಳ ಮನೆಯಲ್ಲಿ ‘ಭೂತಯ್ಯನ ಮಗ ಅಯ್ಯು’ ನೋಡುವ ಸುಯೋಗ ಒದಗಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಸಿದ್ದಲಿಂಗಯ್ಯನವರು 1974ರಲ್ಲಿ ತೆರೆಗೆ ತಂದ ಈ ಚಿತ್ರ ನಮ್ಮ ಹಾಸನ ಸೀಮೆಯವರಿಗೆ ಮನೆಯ ಸೊತ್ತಿದ್ದಂತೆ. ಟೆಲಿವಿಷನ್ ಹೊಸದು, ಅದಕ್ಕೆ ಸಿಕ್ಕಿಸಿದ ಸ್ಟ್ರೀಮಿಂಗ್ ಪೆಟ್ಟಿಗೆಯೂ ಹೊಸದು. ಆದರೂ ಕ್ಯಾಮರಾ ಮೆಲ್ಲನೆ ಒಂದು ಬದಿಗೆ ಹೊರಳಿದಾಗಲೆಲ್ಲ ದೃಶ್ಯ ಎಡವುತ್ತ ಸಾಗಿತು. “ಹಳೆಯ ಚಿತ್ರವಲ್ಲವೆ, ಹಾಗೆಯೇ” ಎಂದ ಮನೆಯ ಕಾಲೇಜು ಹುಡುಗ. ಕೆಲವು ದಿನಗಳ ಬಳಿಕ ಹೊಳೆನರಸೀಪುರದ ಉಪಾಧ್ಯಾಯ ಮಿತ್ರರೊಬ್ಬರ ಬಾಯಲ್ಲೂ ಇದೇ ಮಾತು ಕೇಳಿದೆ. ಈ ತೀರ್ಪು ಅನ್ಯಾಯದ್ದು. ಚಿತ್ರ ಕುಂಟುತ್ತಿಲ್ಲ, ನಮ್ಮ ಯಂತ್ರ ಅದನ್ನು ಕುಂಟಿಸುತ್ತಿದೆ.

ಮೂಕಿ ಚಿತ್ರಗಳ ಕಾಲದಲ್ಲಿ ವೇಗಕ್ಕೊಂದು ಕಟ್ಟಿರಲಿಲ್ಲ. 1920ರ ದಶಕದ ಕೊನೆಯಲ್ಲಿ ವಾಕ್ಚಿತ್ರ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮು ಎಂಬುದು ನಿಯಮವಾಯಿತು. ಚಿತ್ರಮಂದಿರದ ಪ್ರೊಜೆಕ್ಟರು ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ ಎರಡು ಬಾರಿ ಬೆಳಗಿಸುತ್ತಿತ್ತು, ಎಲ್ಲಕ್ಕೂ ಸಮಪಾಲು. ಮನೆಯ ಪೆಟ್ಟಿಗೆಯಾದರೋ ಬಹುಮಟ್ಟಿಗೆ ಸೆಕೆಂಡಿಗೆ 60ರ ಹಟ ಹಿಡಿದಿರುತ್ತದೆ. 24ನ್ನು 60ಕ್ಕೆ ಸರಿದೂಗಿಸಲು ಒಂದು ಫ್ರೇಮನ್ನು ಎರಡು ಬಾರಿ, ಮುಂದಿನದನ್ನು ಮೂರು ಬಾರಿ ತೋರಿಸುತ್ತದೆ. ಮೃದಂಗದವನು ಒಂದಕ್ಷರವನ್ನು ಮೊಟಕುಗೊಳಿಸಿ ಮುಂದಿನದನ್ನು ಎಳೆಯುತ್ತ ಹೋದರೆ ಹಾಡುಗಾರನ ಗತಿ ಏನಾದೀತು?

ಪರಿಹಾರವಿದೆ. ಇಂದಿನ ಅನೇಕ ಪೆಟ್ಟಿಗೆಗಳ ಸೆಟ್ಟಿಂಗ್ಸಿನಲ್ಲಿ ಫ್ರೇಮ್ ರೇಟನ್ನು ಹೊಂದಿಸುವ ಆಯ್ಕೆಯೊಂದು ಅಡಗಿದೆ. ಆಪಲ್ ಟಿವಿಗೆ ಅದು 2017ರಲ್ಲಿ ಬಂತು. ಅದನ್ನು ಚಾಲೂ ಮಾಡಿದರೆ, ಆ್ಯಪೂ ಸಹಕರಿಸಿದರೆ, ಚಿತ್ರದ ವೇಗಕ್ಕೆ ತೆರೆಯೇ ಹೊಂದಿಕೊಳ್ಳುತ್ತದೆ. ಟೆಲಿವಿಷನ್ನಿನ ‘ಮೋಷನ್ ಸ್ಮೂತಿಂಗ್’ ಈ ಕೆಲಸ ಮಾಡುವುದಿಲ್ಲ. ಅದು ಇಲ್ಲದ ಫ್ರೇಮುಗಳನ್ನು ಕಲ್ಪಿಸಿ ನಡುವೆ ತುರುಕುತ್ತದೆ. ಗ್ರಂಥಸಂಪಾದಕರು ಇಂಥದನ್ನು ಪ್ರಕ್ಷಿಪ್ತವೆಂದು ತೆಗೆದುಹಾಕುತ್ತಾರೆ.

ಆದರೆ ಪ್ರತಿಯೇ ಕೆಟ್ಟಿದ್ದರೆ ಯಾವ ಆಯ್ಕೆಯೂ ಸಾಲದು. ನಮ್ಮ ದೇಶದ ಟೆಲಿವಿಷನ್ ಪದ್ಧತಿ 25 ಫ್ರೇಮಿನದು. ಚಿತ್ರಗಳನ್ನು ತುಸು ಓಡಿಸಿಯೇ ಅದಕ್ಕೆ ಇಳಿಸುವ ವಾಡಿಕೆಯಿತ್ತು. ಹಾಗೆ ಮಾಡಿದಾಗ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ತಿದ್ದದಿದ್ದರೆ ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನ ಏರುತ್ತದೆ. ಅರಕಲಗೂಡಿನ ಹೆಸರು ಹೊತ್ತ ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ 1966ರಲ್ಲಿ ಚಿತ್ರವಾಯಿತು. ಗಾಯಕನ ಬಾಳೇ ಅದರ ವಸ್ತು. ಭೀಮಸೇನ ಜೋಶಿಯವರು ಅದರಲ್ಲಿ ಹಾಡಿದ್ದಾರೆ. ಅಂಥ ಕಂಠದ ಶ್ರುತಿಯನ್ನು ಯಂತ್ರದ ಅನುಕೂಲಕ್ಕಾಗಿ ಕದಲಿಸುವುದು ಸಲ್ಲದು. ಹಳೆಯ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತರುವವರು ಮೂಲದ ವೇಗವನ್ನೇ ಉಳಿಸಬೇಕು.

24 ಎಂಬುದೇನೂ ವೇದವಾಕ್ಯವಲ್ಲ. ಫಿಲ್ಮಿನ ಖರ್ಚು, ಧ್ವನಿಯ ಸ್ಪಷ್ಟತೆ ಇವೆರಡರ ನಡುವಣ ರಾಜಿ ಅದು. ಆದರೆ ಕಲಾವಿದ ಆ ಚೌಕಟ್ಟನ್ನು ಒಪ್ಪಿ ತನ್ನ ಲಯವನ್ನು ಕಟ್ಟಿದ್ದಾನೆ. ಛಂದಸ್ಸು ಕೂಡ ಮನುಷ್ಯ ಮಾಡಿಕೊಂಡ ಕಟ್ಟೇ. ಹಾಗೆಂದು ಓದುವವನು ಮಾತ್ರೆಗಳನ್ನು ಬದಲಿಸಬಹುದೆ?

ಈ ಆಯ್ಕೆಯನ್ನು ತಯಾರಕರು ಮೊದಲೇ ಚಾಲೂ ಮಾಡಿ ಕೊಡಲಿ ಎಂಬುದು ನನ್ನ ಕೋರಿಕೆ. ತರಗತಿಯಲ್ಲಿ ಚಿತ್ರ ತೋರಿಸುವ ಉಪಾಧ್ಯಾಯರು ಅದನ್ನೊಮ್ಮೆ ಪರೀಕ್ಷಿಸಲಿ. ವೇಗ ಬದಲಾಗುವಾಗ ತೆರೆ ಒಂದೆರಡು ಸೆಕೆಂಡು ಕಪ್ಪಾಗುವುದುಂಟು. ಪೆಟ್ಟಿಗೆ ಕೆಟ್ಟಿತೆಂದು ಗಾಬರಿ ಬೇಡ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ದೀಪ ಆರುವುದನ್ನೇ ಕಾದು ಕುಳಿತವರು ನಾವು. ಅಷ್ಟು ಹೊತ್ತಿನ ಕತ್ತಲೆಯನ್ನು ಮನೆಯಲ್ಲಿಯೂ ಸಹಿಸಬಹುದು.