ಲೇತ್ ಮುಂದೆ ನಿಂತ ಹುಡುಗನಿಗೆ ಕನ್ನಡದಲ್ಲಿ ಹೇಳೋರು ಯಾರು?



ಧರ್ಮಪುರಿಯಲ್ಲಿ ನಾವು ಕೂರುವ ಬ್ಯಾಂಕ್ ಕೌಂಟರಿಗೆ ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ. ಆಧಾರ್ ಯಂತ್ರದ ಮೇಲೆ "ತೋರುಬೆರಳು ಇಡಪ್ಪಾ" ಅಂದೆವು. "ಅದಿಲ್ಲ ಸಾರ್" ಅಂದ. ಸಿಎನ್‌ಸಿ ಲೇತಿಗೆ ಹೋಗಿದೆ. ಚಕ್ ತಿರುಗುತ್ತಿರುವಾಗಲೇ ಗ್ಲೌಸ್ ಹಾಕಿದ ಕೈಯಿಂದ ಚಿಪ್ಸ್ ಎಳೆಯೋಕೆ ಹೋಗಿದ್ದನಂತೆ. ಯಾರೂ ಹೇಳಲಿಲ್ವಾ ಅಂದ್ರೆ, "ಬೋರ್ಡಿತ್ತು ಸಾರ್, ಇಂಗ್ಲಿಷಲ್ಲಿ."

ಗ್ಲೌಸ್ ಅಂದ್ರೆ ಕೈಗೆ ರಕ್ಷಣೆ ಅಂತ ಯಾರಾದರೂ ಅಂದುಕೊಳ್ತಾರೆ. ತಿರುಗುವ ಚಕ್ಕಿನ ಹತ್ತಿರ ಅದೇ ಯಮ. ನಿಮಿಷಕ್ಕೆ 2000 ಸುತ್ತು ಅಂದ್ರೆ ಸೆಕೆಂಡಿಗೆ 33 ಸುತ್ತು. ಬಟ್ಟೆಯ ಒಂದು ಎಳೆ ಸಿಕ್ಕಿದರೆ ಕೈ ಹಿಂದಕ್ಕೆ ತೆಗೆಯೋಕೆ ಸಮಯವೇ ಇಲ್ಲ. ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಕೊಕ್ಕೆಯಿಂದ ಚಿಪ್ಸ್ ತೆಗೆಯಬೇಕು. ಇಷ್ಟೇ ಮಾತು. ಇದನ್ನು ಕನ್ನಡದಲ್ಲಿ ಹೇಳೋಕೆ ಎಷ್ಟು ಖರ್ಚಾಗುತ್ತೆ?

1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್, ನೋಟಿಸುಗಳು ಇಂಗ್ಲಿಷಿನಲ್ಲಿ ಮತ್ತು ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂದಿತು. ಆ 'ಬಹುಪಾಲು' ಒಳಗೆ ನಾವಿಲ್ಲ. ಆದರೆ 1987ರಲ್ಲಿ ಅದೇ ಕಾಯ್ದೆಗೆ ಸೇರಿಸಿದ 7ಎ ಸೆಕ್ಷನ್, ಸುರಕ್ಷತೆಯ ಮಾಹಿತಿ, ತರಬೇತಿ 'ಎಲ್ಲ' ಕೆಲಸಗಾರರ ಸಲುವಾಗಿ ಅಂದಿತು. ಮಾಲೀಕರು ಮೊದಲನೆಯದನ್ನು ಹಿಡಿದುಕೊಂಡರು, ಎರಡನೆಯದನ್ನು ಮರೆತರು.

"ತಮಿಳು ಓದೋಕೆ ಬರುತ್ತಲ್ಲ?" ಅಂತ ಕೇಳ್ತಾರೆ. ಸೇಲಂ ನೇಕಾರರ ಮನೆಗಳ ಹುಡುಗರಿಗೆ ಬರುತ್ತೆ, ನಿಜ. ಹೊಸೂರು, ತಾಳವಾಡಿ ಕಡೆ ಕನ್ನಡ ಶಾಲೆಯಲ್ಲಿ ಓದಿ ಬಂದವನಿಗೆ? ಅದೂ ಇರಲಿ, ಜಿ96 ಅಂದ್ರೇನು ಅಂತ ಯಾವ ಬೋರ್ಡಲ್ಲಿ, ಯಾವ ಭಾಷೆಯಲ್ಲಿ ಬರೆದಿದ್ದಾರೆ? ಆ ಕೋಡ್ ಹಾಕಿದಾಗ ಟೂಲ್ ನಡುವಿಗೆ ಹೋದಷ್ಟೂ ಮಷೀನ್ ತಾನೇ ವೇಗ ಏರಿಸ್ತದೆ. ಜಿ50 ಹಾಕಿ ಮಿತಿ ಕಟ್ಟದಿದ್ದರೆ ಸಡಿಲ ಹಿಡಿದ ಜಾಬ್ ಚಕ್ಕಿನಿಂದ ಹಾರಿ ಬರುತ್ತೆ. ಅದನ್ನು ತಡೆಯೋಕೆ ಇರುವುದು ಬಾಗಿಲು. ಆ ಬಾಗಿಲಿನ ಸ್ವಿಚ್ಚಿಗೇ ಮ್ಯಾಗ್ನೆಟ್ ಅಂಟಿಸಿ, ನಾಲ್ಕು ಸೆಕೆಂಡ್ ಉಳಿಸೋಕೆ ತೆರೆದಿಟ್ಟು ಓಡಿಸ್ತಾರೆ. ಸ್ಪಿಂಡಲ್ ಹಿಂದೆ ಚಾಚಿಕೊಂಡ ಸರಳಿಗೆ ಆಧಾರ ಇಲ್ಲದಿದ್ದರೆ ಅದು ಬಾಗಿ ಚಾಟಿ ಥರ ಬೀಸುತ್ತೆ. (ಇದೆಲ್ಲ ಗೊತ್ತಿರೋ ಆಪರೇಟರ್‌ಗಳು ಹೇಳಿಕೊಟ್ಟದ್ದು. ನಾವು ಬಿ.ಕಾಂ. ಓದಿದವರು, ಲೇತ್ ಕಂಡಿದ್ದು ಲೋನ್ ಫೈಲಿನಲ್ಲಿ.)

ಆ ಫೈಲಿನ ಕಥೆಯೂ ಕೇಳಿ. ಮಷೀನಿಗೆ ಇನ್ಶೂರೆನ್ಸ್ ಇದೆಯಾ ಅಂತ ನಾವು ಮೂರು ಸಲ ಕೇಳ್ತೇವೆ. ಓಡಿಸೋನಿಗೆ ಯಾರು ಕಲಿಸಿದರು ಅಂತ ಒಂದು ಸಲವೂ ಕೇಳಲ್ಲ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಪೂರ್ತಿ ತೋರುಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 14 ನಷ್ಟ, ಹೆಬ್ಬೆರಳಿಗೆ 30 ಅಂತಿತ್ತು. ಲೆಕ್ಕ ಎಷ್ಟು ಚೊಕ್ಕವಾಗಿದೆ ನೋಡಿ!

ಮಾಲೀಕರನ್ನಷ್ಟೇ ಬೈದು ಪ್ರಯೋಜನ ಇಲ್ಲ. ಪ್ರತಿ ನವೆಂಬರಿನಲ್ಲಿ ನಾವು ಬ್ಯಾನರ್ ಕಟ್ತೇವೆ, ಭಾಷಣ ಮಾಡ್ತೇವೆ. ಲೇತ್ ಪಕ್ಕ ಅಂಟಿಸೋಕೆ ಒಂದೇ ಒಂದು ಕನ್ನಡ ಹಾಳೆ ಇದುವರೆಗೆ ಅಚ್ಚು ಹಾಕಿದ್ದೇವಾ? ಈ ವರ್ಷ ಒಂದು ಬ್ಯಾನರ್ ಕಡಿಮೆ ಮಾಡಿ ಅದನ್ನು ಹಾಕಿಸೋಣ. ಕನ್ನಡ ಮಾತಾಡಿಯೂ ಅಕ್ಷರ ಬಾರದವರಿಗೆ ದನಿಯಲ್ಲೇ ಹೇಳೋಣ. ಆಪರೇಟರ್ ಅಣ್ಣಂದಿರೇ, ನೀವು ಮನೆಯಲ್ಲಿ ಆಡೋ ಕನ್ನಡದಲ್ಲೇ ಎರಡು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಈ ಪುಟದಲ್ಲೇ ಹಾಕ್ತೇವೆ. ಮೊದಲನೆಯದು ಗ್ಲೌಸ್ ಬಗ್ಗೆ ಇರಲಿ.