ತೊಳೆದ ನೀರಿಗೂ ಲೆಕ್ಕ ಬೇಕು

ಹೊಂಗೆ ಎಣ್ಣೆಯ ಆಮ್ಲದ ಅಂಶ ಇಳಿಸಿ, ಮೆಥನಾಲ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ 60 ಡಿಗ್ರಿಯಲ್ಲಿ ಕಲಕಿದರೆ ಗ್ಲಿಸರಿನ್ ಕೆಳಗೆ, ಬಯೋಡೀಸೆಲ್ ಮೇಲೆ. ಅಷ್ಟಕ್ಕೇ ಫೋಟೋ ತೆಗೆದು, ಇಳುವರಿ ಬರೆದು ರೆಕಾರ್ಡ್ ಮುಚ್ಚಿಬಿಡ್ತೀವಿ.

ಆದರೆ ಮೇಲಿನ ಪದರದಲ್ಲಿ ಸೋಪು, ಮೆಥನಾಲ್ ಇನ್ನೂ ಉಳಿದಿರುತ್ತೆ. ಬಿಸಿನೀರಲ್ಲಿ ಮೂರ್ನಾಲ್ಕು ಸಲ ಮೆಲ್ಲಗೆ ತೊಳೆದು, ಆಮೇಲೆ ನೀರಿನ ಅಂಶ ಆರಿಸಬೇಕು. ಕಳೆದ ಸೆಮಿಸ್ಟರ್ ನಾನು ಜೋರಾಗಿ ಅಲುಗಾಡಿಸಿ ಫನೆಲ್ ತುಂಬ ಮಜ್ಜಿಗೆ ಮಾಡಿಟ್ಟಿದ್ದೆ! ಅರ್ಧ ಲೀಟರ್ ಎಣ್ಣೆಗೆ ಎರಡು ಲೀಟರ್ ನೀರು ಖರ್ಚಾಯ್ತು. ಅದನ್ನ ಸಿಂಕಿಗೆ ಸುರಿದವನೂ ನಾನೇ.

ಆ ನೀರಿನ ಲೆಕ್ಕ ಬಿಟ್ಟರೆ ಇದು ಹಸಿರು ಇಂಧನ ಹೇಗಾಗುತ್ತೆ? ತೊಳೆಯೋಕೆ ಮೊದಲೇ ಮೆಥನಾಲನ್ನ ಭಟ್ಟಿ ಇಳಿಸಿ ವಾಪಸ್ ಪಡೀಬಹುದು. ರೆಕಾರ್ಡಲ್ಲಿ ಇಳುವರಿ ಪಕ್ಕ ಇನ್ನೊಂದು ಕಾಲಂ ಹಾಕೋಣ: ಎಷ್ಟು ನೀರು, ಎಲ್ಲಿಗೆ ಹೋಯ್ತು?